ಓರಲ್‌ನಲ್ಲಿ ನಾಲ್ಕು

ಡೊಂಬಿವಲಿಯ ಒಂದು ಕಾನ್ವೆಂಟ್ ಶಾಲೆಯಲ್ಲಿ ನಾನು ಹಿಂದಿ ಕಲಿಸುತ್ತಿದ್ದ ಕಾಲಕ್ಕೆ ರಿಸಲ್ಟ್ ಕಾರ್ಡುಗಳನ್ನು ಕೈಯಲ್ಲೇ ಬರೆಯುತ್ತಿದ್ದೆವು. ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಪಾಸಾದ ಅಂಕಕ್ಕೆ ನೀಲಿ ಶಾಯಿ, ಮೂವತ್ತೈದಕ್ಕಿಂತ ಕಡಿಮೆಯಾದರೆ ಕೆಂಪು. ವೈಟ್ನರ್ ಮುಟ್ಟುವಂತಿರಲಿಲ್ಲ. ತಪ್ಪಾದರೆ ಒಂದು ಗೀಟು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಪ್ರಿನ್ಸಿಪಾಲ್ ಸಿಸ್ಟರ್ ಹತ್ತಿರ ಸಹಿ ಮಾಡಿಸಿಕೊಳ್ಳಬೇಕು. ಆ ಸಹಿಗೆ ಹೋಗುವುದೆಂದರೆ ಎಂಥ ಹಳೇ ಟೀಚರೂ ಬಾಗಿಲಲ್ಲಿ ಎರಡು ಸಲ ಯೋಚಿಸುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಒಂಬತ್ತನೇ ತರಗತಿಯಲ್ಲೇ ಉಳಿಸಿಕೊಳ್ಳುವ ಮಕ್ಕಳ ತಂದೆತಾಯಿಯನ್ನು ರಿಸಲ್ಟಿನ ಹಿಂದಿನ ದಿನವೇ ಕರೆಸಿ ಹೇಳಿಬಿಡುತ್ತಿದ್ದರು. ಮಗು ಎಲ್ಲರೆದುರು ಕುಸಿಯಬಾರದು ಎಂಬ ಕಾಳಜಿ. ಹೇಳುವ ಕೆಲಸ ಮಾತ್ರ ಕ್ಲಾಸ್ ಟೀಚರದ್ದು.

ಆ ವರ್ಷ ನನ್ನ ತರಗತಿಯಿಂದ ಒಬ್ಬಳೇ ಇದ್ದಳು, ರೋಲ್ ನಂಬರ್ ಮೂವತ್ತೊಂದು. ಹಿಂದಿ ಬರಹದಲ್ಲಿ ಎಂಬತ್ತಕ್ಕೆ ಇಪ್ಪತ್ತೆರಡು, ಓರಲ್‌ನಲ್ಲಿ ಇಪ್ಪತ್ತಕ್ಕೆ ನಾಲ್ಕು. ಒಟ್ಟು ಇಪ್ಪತ್ತಾರು. ಅಪ್ಪ ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರು, ಉಡುಪಿ ಕಡೆಯವರು. ನಮ್ಮ ಕನ್ನಡದವರು ಎಂಬ ಕಾರಣಕ್ಕೇ ನಾನು ಆ ಹುಡುಗಿಯ ಹತ್ತಿರ ಇನ್ನಷ್ಟು ಬಿಗಿಯಾಗಿರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರೂ ನನ್ನತ್ತ ಬೆರಳು ತೋರಿಸಬಾರದಲ್ಲ! ಅವಳ ತಾಯಿ ಬಂದರು, ಕೇಳಿಸಿಕೊಂಡರು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದರು.

ಮರುದಿನ ಒಂಬತ್ತಕ್ಕೆ ಕಾರ್ಡ್ ಹಂಚುವುದಿತ್ತು. ಏಳೂವರೆಗೆ ನಾನು ಬಂದಾಗ ಆ ತಾಯಿ ಗೇಟಿನಲ್ಲೇ ನಿಂತಿದ್ದರು.

“ಟೀಚರೇ, ಒಂದು ಸಲ ನೋಡಿ ಮಾರಾಯ್ರೆ. ಅವಳು ಓರಲ್‌ನಲ್ಲಿ ಪದ್ಯ ಪೂರ್ತಿ ಹೇಳಿದ್ದಾಳಂತೆ. ನೀವು ಗುಡ್ ಅಂತ ಹೇಳಿದ್ರಂತೆ. ನಿನ್ನೆಯಿಂದ ಒಂದು ಅಗಳು ಅನ್ನ ಮುಟ್ಟಲಿಲ್ಲ ಅವಳು.”

“ಐವತ್ತೇಳು ಮಕ್ಕಳಿಗೆ ಓರಲ್ ತಗೊಂಡಿದೀನಮ್ಮ. ಯಾರು ಏನು ಹೇಳಿದ್ರು ಅಂತ ನಂಗೆ ಗೊತ್ತಿಲ್ವಾ?” ಎಂದು ಗದರಿದೆ.

ಮೂಗಿನ ತುದಿಯಲ್ಲೇ ಸಿಟ್ಟು ನನಗೆ, ಮೈಸೂರಿನಿಂದ ಹೊತ್ತು ತಂದದ್ದು. ಆದರೆ ಮೆಟ್ಟಿಲು ಹತ್ತುವಾಗ ಆ ‘ಗುಡ್’ ಕಾಲಿಗೆ ತೊಡರಿಕೊಂಡಿತು. ನಾನು ಗುಡ್ ಎನ್ನುವುದೇ ಅಪರೂಪ, ಅಂದಿದ್ದರೆ ನೆನಪಿರುತ್ತದೆ. ನೆನಪಾಯಿತು. ಕಿಟಕಿಯ ಕಡೆ ನೋಡುತ್ತ ಪದ್ಯ ಒಪ್ಪಿಸಿದ್ದು ಅವಳೇ.

ಕಪಾಟಿನಿಂದ ಓರಲ್‌ನ ಹಾಳೆ ಹುಡುಕಿ ತೆಗೆದೆ. ಹೆಸರು ಬರೆಯುವ ಪುರುಸೊತ್ತಿಲ್ಲದೆ, ಮಕ್ಕಳು ರೋಲ್ ನಂಬರಿನ ಸರದಿಯಲ್ಲಿ ಬಂದ ಹಾಗೆ ಒಂದು, ಎರಡು ಎಂದು ನಂಬರು ಹಾಕುತ್ತ ಅಂಕ ಬರೆದಿದ್ದೆ. ಮೂವತ್ತನೇ ನಂಬರಿನ ಹುಡುಗಿ ದೀಪಾವಳಿಗೆ ಮೊದಲೇ ಶಾಲೆ ಬಿಟ್ಟು ನವಿ ಮುಂಬೈಗೆ ಹೋಗಿದ್ದಳು. ಹಾಜರಿ ಪುಸ್ತಕದಲ್ಲಿ ಆ ನಂಬರಿಗೆ ಗೀಟು ಹೊಡೆದು ಹಾಗೇ ಬಿಡುವುದು ಶಾಲೆಯ ರೂಢಿ. ನನ್ನ ಹಾಳೆಯಲ್ಲಿ ಮಾತ್ರ ಆ ಜಾಗ ಬಿಟ್ಟಿರಲಿಲ್ಲ. ಹೀಗಾಗಿ ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಅವರ ನಂತರದವರ ಅಂಕ ಬಿದ್ದಿತ್ತು. ಕೊನೆಯ ಹುಡುಗನ ಸಾಲು ಖಾಲಿ ಉಳಿದಾಗ, ಬರೆಯಲು ಮರೆತಿದ್ದೇನೆಂದುಕೊಂಡು ಅಂದಾಜಿಗೆ ಹದಿನಾಲ್ಕು ಹಾಕಿಬಿಟ್ಟಿದ್ದೆ. ಎಚ್ಚರಿಕೆ ಕಣ್ಣೆದುರೇ ಇತ್ತು, ನಾನು ಅದರ ಮೇಲೆ ಅಂಕ ಬರೆದೆ!

ಮೂವತ್ತೊಂದರ ನಿಜವಾದ ಓರಲ್ ಹದಿನಾರು. ಒಟ್ಟು ಮೂವತ್ತೆಂಟು, ಪಾಸು. ಉಸಿರು ಬಿಟ್ಟೆ. ಮರುಕ್ಷಣವೇ ಆ ನಾಲ್ಕು ಯಾರದೆಂದು ಹೊಳೆದು ಮುಂದಿನ ಸಾಲಿಗೆ ಬೆರಳಿಟ್ಟೆ.

ಅದು ಮೂವತ್ತೆರಡರದು. ಟಿಟ್ವಾಳಾದಿಂದ ಟ್ರೈನಿನಲ್ಲಿ ಬರುವ, ಮಾತು ತೊದಲುವ ಹುಡುಗಿ. ಬರಹದಲ್ಲಿ ಇಪ್ಪತ್ತೊಂಬತ್ತು. ನಾಲ್ಕು ಸೇರಿಸಿದರೆ ಮೂವತ್ತಮೂರು. ಅವಳಿಗಿದ್ದ ಗ್ರೇಸ್ ಅಂಕವೆಲ್ಲ ಗಣಿತಕ್ಕೇ ಮುಗಿದಿತ್ತು. ಮುಂದಿನ ನಂಬರಿನವಳ ಹದಿನೈದು ಇವಳಿಗೆ ಬಿದ್ದದ್ದರಿಂದ ಕಾರ್ಡಿನಲ್ಲಿ ನಲವತ್ತನಾಲ್ಕು ಎಂದು ನೀಲಿಯಲ್ಲಿ ಬರೆದಾಗಿತ್ತು. ಒಬ್ಬಳ ವರ್ಷ ಉಳಿಸಿದರೆ ಇನ್ನೊಬ್ಬಳದು ಹೋಗುತ್ತದೆ. ಸುಮ್ಮನಿರಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಗೇಟಿನಲ್ಲಿ ಆ ತಾಯಿ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಓರಲ್‌ನ ಹಾಳೆಯನ್ನೂ ಹಾಜರಿ ಪುಸ್ತಕವನ್ನೂ ಹಿಡಿದು ಸಿಸ್ಟರ್ ಕೋಣೆಗೆ ಹೋದೆ. ಮಂಗಳೂರು ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತು. ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈ ನಾಲ್ಕು ಯಾಕೆ ಕೊಟ್ಟದ್ದು ನೀವು?”

“ಬಾಯೇ ಬಿಡ್ಲಿಲ್ಲ ಸಿಸ್ಟರ್.”

“ಬಾಯಿ ಬಿಡದಿದ್ದರೆ ಸೊನ್ನೆ ಅಲ್ಲವಾ? ಎಷ್ಟು ಹೊತ್ತು ಕಾದಿರಿ?”

ಅರ್ಧ ನಿಮಿಷವೂ ಕಾದಿರಲಿಲ್ಲ. ಬೆಲ್ ಹೊಡೆಯುವುದರಲ್ಲಿತ್ತು, ಇನ್ನೂ ಇಪ್ಪತ್ತಾರು ಮಕ್ಕಳು ಬಾಕಿ. ಅವಳ ತುಟಿ ಅಲುಗುವುದನ್ನು ನೋಡಿಯೂ, “ಜಾವೋ, ನೆಕ್ಸ್ಟ್” ಎಂದಿದ್ದೆ. ನಾಲ್ಕು ಹಾಕಿದ್ದು ನನ್ನದೇ ಅಳುಕಿಗೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರಲ್ಲ, ಇಲ್ಲಿ ಕೊಯ್ದದ್ದು ನನ್ನ ಮೂಗನ್ನೂ ಅಲ್ಲ.

“ಅವಳ ಪರೀಕ್ಷೆ ಆಗಲೇ ಇಲ್ಲ,” ಎಂದರು ಸಿಸ್ಟರ್. “ಈಗ ತೆಗೆದುಕೊಳ್ಳಿ. ಓರಲ್ ಬಾಕಿ ಇದೆ ಎಂದು ಮಾತ್ರ ಹೇಳಿ. ಅಂಕ ನೀವೇ ಕೊಡಬೇಕು, ಸುಳ್ಳು ಅಂಕ ಬೇಡ. ಕಾರ್ಡು ಹತ್ತಕ್ಕೆ ಕೊಟ್ಟರಾಯಿತು. ಆ ಉಡುಪಿಯ ತಾಯಿಗೆ ಈಗಲೇ ಹೋಗಿ ಹೇಳಿ.”

ಹೇಳಿದೆ. ಆ ತಾಯಿ ನನ್ನನ್ನು ಬೈಯಲಿಲ್ಲ. “ದೇವರಿದ್ದಾನೆ ಟೀಚರೇ, ಅವಳಿಗೆ ಫೋನ್ ಮಾಡಿ ಊಟ ಮಾಡ್ಲಿಕ್ಕೆ ಹೇಳ್ತೇನೆ,” ಎಂದು ಬೂತಿನ ಕಡೆ ಓಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂವತ್ತೆರಡರ ಹುಡುಗಿ ಕಾರ್ಡಿಗೆಂದು ಬಂದೊಡನೆ ಖಾಲಿ ಕ್ಲಾಸಿನಲ್ಲಿ ನನ್ನೆದುರು ನಿಂತಳು. ಅದೇ ಪದ್ಯ ಕೇಳಿದೆ. ಅವಳು ತುಟಿ ಬಿಗಿದಳು, ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟತೊಡಗಿದಳು. ಕಾರಿಡಾರಿನಲ್ಲಿ ತಂದೆತಾಯಿಯರ ಗದ್ದಲ. ನಾನು ಗಡಿಯಾರ ನೋಡಲಿಲ್ಲ. ಆರು ಅಂಕ ಬೇಕಿತ್ತು ಅವಳಿಗೆ, ಅದು ನನಗೆ ಮಾತ್ರ ಗೊತ್ತಿತ್ತು. ಹೇಳಿಬಿಡೇ ತಾಯಿ, ಎಂದು ಒಳಗೊಳಗೇ ಬೇಡಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಮೊದಲ ಶಬ್ದ ಬಂತು, ಒಡೆದು ಒಡೆದು. ಎಂಟು ಸಾಲಿನ ಪದ್ಯದಲ್ಲಿ ಐದು ಸಾಲು ಹೇಳಿದಳು. ಉಚ್ಚಾರ ಒಂದೂ ತಪ್ಪಿರಲಿಲ್ಲ. ಹನ್ನೊಂದು ಕೊಟ್ಟೆ. ಒಟ್ಟು ನಲವತ್ತು.

ಇಪ್ಪತ್ತೆಂಟು ಕಾರ್ಡು ತಿದ್ದಿ, ಇಪ್ಪತ್ತೆಂಟಕ್ಕೂ ಸಿಸ್ಟರ್ ಸಹಿ ಮಾಡಿಸಿ, ಹತ್ತಕ್ಕೆ ಹಂಚಲು ಕೂತೆ.

ಟಿಟ್ವಾಳಾದ ಹುಡುಗಿಯ ಅಪ್ಪ ಕಾರ್ಡು ತೆರೆದು, ಗೀಟಿನ ಮೇಲೆ ಬೆರಳಿಟ್ಟರು. “ಟೀಚರ್, ಚವ್ವಾಲೀಸ್ ಕಾ ಚಾಲೀಸ್ ಕೈಸೆ ಹುವಾ?” ನಲವತ್ತನಾಲ್ಕು ನಲವತ್ತಾದದ್ದು ಹೇಗೆಂದು ಅವರ ಪ್ರಶ್ನೆ.

ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಅವರ ತೋಳು ಜಗ್ಗಿದಳು. “ಪ... ಪಪ್ಪಾ...” ಎಂದು ನಿಂತಳು. ಹಿಂದೆ ಉದ್ದ ಸಾಲಿತ್ತು. ಅಪ್ಪ ಕಾರ್ಡು ಮಡಚಿ, ಅವಳ ಮುಖದೆತ್ತರಕ್ಕೆ ಬಾಗಿ, ಏನೂ ಅನ್ನದೆ ಕಾದರು. ಅವಳೂ ಆತುರಪಡಲಿಲ್ಲ.

“...ಮೈನೇ ಬೋಲಾ,” ಎಂದಳು ಕೊನೆಗೆ. ತಾನು ಪದ್ಯ ಹೇಳಿದ್ದು, ನಾನು ಕಾದದ್ದು, ಎರಡನ್ನೂ ಹೇಳಬೇಕಿತ್ತು ಅವಳಿಗೆ. “ಟೀಚರ್ ರುಕೀ.”