ಅವ್ವನ ದನಿ, ನನ್ನ ಅಂಗೈ

ಕೊಟ್ಟೂರಿನ ನಮ್ಮ ಓಣಿಗೆ ಅವ್ವನ ದನಿಯಿಂದಲೇ ಬೆಳಗಾಗುತ್ತಿದ್ದ ಕಾಲವದು. ಇಷ್ಟಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮುನ್ನವೇ ಆಕೆ ಮಂಗಳಾರತಿ ಎತ್ತಿಕೊಂಡರೆ, ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದ ನಾವು ಹುಡುಗಿಯರು ಕಾಲೂರಿ ನಿಲ್ಲುತ್ತಿದ್ದೆವು. ಶ್ರಾವಣ ಸೋಮವಾರಗಳಂದು ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದರು. ಮೊದಲ ಸೊಲ್ಲು ಅವ್ವನದು; ಉಳಿದವರು ಅವಳ ಹಿಂದೆ.

ಒಂದು ವರ್ಷ ಬೇಸಿಗೆಯಲ್ಲಿ ಬಂದ ವಿಷಮಜ್ವರ ಅವ್ವನನ್ನು ಉಳಿಸಿ, ಅವಳ ಎರಡೂ ಕಿವಿಗಳ ಶಕ್ತಿಯನ್ನು ಒಯ್ದಿತು. ಮೊದಮೊದಲು ದನಿ ಹಾಗೆಯೇ ಇತ್ತು. ಆಷಾಢದ ಹೊತ್ತಿಗೆ ಮಾತು ಏರತೊಡಗಿತು, ಪದದ ಕೊನೆಗಳು ಕರಗಿದವು, ಹಾಡು ಶ್ರುತಿಯಿಂದ ಜಾರಿತು. ಮನೆಯವರೆಲ್ಲ ಕೆಟ್ಟದ್ದು ಗಂಟಲೆಂದೇ ತಿಳಿದರು. ಅಜ್ಜಿ ಜ್ಯೇಷ್ಠಮಧು ತೇದು ನೆಕ್ಕಿಸಿದಳು, ಜೇನಿನಲ್ಲಿ ಮೆಣಸು ಕಲಸಿ ಕೊಟ್ಟಳು. "ಕಂಠಕ್ಕ ಯಾರದೋ ಕಣ್ಣು ಬಿದ್ದೈತಿ," ಎಂದು ಕೊರಳಿಗೆ ದೃಷ್ಟಿಯನ್ನೂ ತೆಗೆದಳು.

ನುಡಿದ ಪ್ರತಿ ಸ್ವರವನ್ನೂ ಕಿವಿ ಮಿದುಳಿಗೆ ಒಪ್ಪಿಸುತ್ತದೆ, ಮಿದುಳು ಆ ಕ್ಷಣವೇ ಕಂಠವನ್ನು ತಿದ್ದುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಕಲಿತ ಹಾಡು ಕೆಲಕಾಲ ನೆನಪಿನ ಬಲದಿಂದ ನಡೆದು, ಆಮೇಲೆ ದಾರಿ ತಪ್ಪುತ್ತದಂತೆ.

ಶ್ರಾವಣ ಬಂತು. ಅವ್ವ ನನ್ನನ್ನು ಕರೆದು, "ಸೋಮವಾರ ನನ್ನ ಎದುರಿಗೆ ಕೂಡು ಮಗಳ. ದನಿ ಏರಿದ್ರ ಕೈ ಇಳಸು, ಇಳದ್ರ ಏರಸು. ನಾನೇ ಹಾಡಬೇಕು," ಎಂದಳು.

ಲೋಬಾನದ ಹೊಗೆ, ಬಿಲ್ವಪತ್ರೆ, ಪ್ರಸಾದದ ಬೆಲ್ಲ-ಕೊಬ್ಬರಿಯ ವಾಸನೆ. ಅವ್ವ ನನ್ನ ಅಂಗೈಯಲ್ಲೇ ಕಣ್ಣು ನೆಟ್ಟು ಹಾಡಿದಳು. ನಾನು ಕೇಳಿ, ತಿಳಿದು, ಕೈ ಇಳಿಸುವಷ್ಟರಲ್ಲಿ ಆ ಸ್ವರ ದಾಟಿಹೋಗಿರುತ್ತಿತ್ತು. ಅವಳು ಇಳಿಸಿದ್ದು ಸರಿಯಾಗಿದ್ದ ಮುಂದಿನ ಸ್ವರವನ್ನು. ಗಾಬರಿಯಲ್ಲಿ ಕೈ ಏರಿಸಿದೆ, ದನಿ ಕಿರುಚಿತು. ಎಷ್ಟು ಬೇಗ ಆಡಿಸಿದರೂ ನನ್ನ ಕೈ ಅವಳ ಕೊರಳಿಗಿಂತ ಹಿಂದೆಯೇ.

"ಶಾರದಕ್ಕಾ, ಇಷ್ಟು ಎತ್ತರಕ್ಕ ಏರಿದ್ರ ನಮಗೊಂದು ಏಣಿ ಹಾಕವ್ವಾ!" ಎಂದಳು ಪಕ್ಕದ ಮನೆಯ ಗೌರಕ್ಕ.

ಹೆಂಗಸರು ನಕ್ಕರು. ಏನೂ ಕೇಳದ ಅವ್ವ, ಎಲ್ಲರೂ ನಗುವುದನ್ನು ಕಂಡು, ಹಾಡು ಚೆನ್ನಾಗಿ ಬಂತೆಂದುಕೊಂಡು ತಾನೂ ನಕ್ಕಳು.

"ಸುಮ್ಕಿರ ಗೌರಿ!" ಎಂದು ಅಜ್ಜಿ ಗದರಿದಳು. ಅಷ್ಟರಲ್ಲಿ ನನ್ನ ಕಣ್ಣೀರು ಅವ್ವನಿಗೆ ಕಂಡಿತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಗಾಳಿಯಲ್ಲೇ ನಿಂತಿದ್ದ ನನ್ನ ಕೈಯನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಸಾಕು ಬಿಡು ಮಗಳ, ಕೈ ನೋಯ್ತಾವು."

ಮೆಲ್ಲಗೆ ಹೇಳಿದೆನೆಂದೇ ಅವಳ ಎಣಿಕೆ; ಓಣಿಗೆಲ್ಲ ಕೇಳಿಸಿತು.

ಮುಂದಿನ ಸೋಮವಾರದಿಂದ ಮೊದಲ ಸೊಲ್ಲು ಗೌರಕ್ಕನದಾಯಿತು. ಅವ್ವ ತುಟಿಯಷ್ಟೇ ಆಡಿಸುತ್ತ ಕೂಡುತ್ತಿದ್ದಳು.

ಅವಳು ಲಿಂಗೈಕ್ಯಳಾಗಿ ಎಷ್ಟೋ ಕಾಲವಾಯಿತು. ಅವಳ ಪದಗಳೆಲ್ಲ ನನಗೆ ಬಾಯಿಪಾಠ. ಗುರುಗಳ ಬಳಿ ಕಲಿತು ಅವುಗಳ ರಾಗವನ್ನೂ ಗುರುತಿಸಬಲ್ಲೆ. ಆದರೆ ಪೂಜೆಗೆ ಕುಳಿತು, ಕಣ್ಮುಚ್ಚಿ ಅವಳ ದನಿಯನ್ನು ಕರೆದರೆ, ಬರುವುದು ಜ್ವರದ ನಂತರದ ಆ ಒಡೆದ ದನಿಯೊಂದೇ. ಅದಕ್ಕೂ ಹಿಂದಿನದನ್ನು ಶಿವ ಕೇಳಿಸಿಕೊಂಡಿದ್ದಾನೆ, ನನ್ನಲ್ಲಿ ಉಳಿದಿಲ್ಲ.