ಅಪ್ಪುಗೆಯ ಅಳತೆ

ಕಡಿಯಬೇಕಾದ ಮರಗಳಿಗೆ ಬಣ್ಣದ ಗುರುತು ಹಾಕುವುದು ನಮ್ಮ ಮಾವನ ಕಸುಬು, ಉಪದೇಶ ಅವರ ಚಟ. "ಒಂದೇ ಸಲ ಕಾಡು ಬೋಳಿಸಿದ್ರೆ ಕೈತುಂಬ ಕಾಸು, ಆಮೇಲೆ ಬಾಯಿಗೆ ಮಣ್ಣು. ಮುಟ್ಟದೇ ಬಿಟ್ರೆ ಊರೂ ತಂಪು, ನಮ್ಮ ಒಲೆಯೂ ತಂಪು. ಬಲಿತದ್ದನ್ನ ಮಾತ್ರ ಆರಿಸಿ ಕಡೀರಿ, ಸ್ವಾಮಿ!" ಎಂದು ಮೇಜು ಗುದ್ದುತ್ತಾರೆ, ಗುದ್ದಿದ ಮೇಲೆ ಆ ಹಲಗೆಯನ್ನೇ ಸವರಿ, "ಪಾಪ, ಎಳೇದಿದ್ದಾಗ್ಲೇ ಕಡಿದುಬಿಟ್ಟಿದ್ದಾರೆ" ಎಂದು ಮರುಗುತ್ತಾರೆ. ಮರದ ಸುತ್ತಳತೆಗೆ ಟೇಪನ್ನು ನಂಬುವವರಲ್ಲ. ಅತ್ತೆ ಇದ್ದಾಗ ಅವರು ಆಚೆಯಿಂದ, ಇವರು ಈಚೆಯಿಂದ ಮರವನ್ನು ತಬ್ಬುತ್ತಿದ್ದರು. ಬೆರಳಿಗೆ ಬೆರಳು ತಗುಲಿದರೆ ಎಳೆಯದು, ತಗುಲದಿದ್ದರೆ ಬಲಿತದ್ದು. ಈಗ ಅತ್ತೆ ಇಲ್ಲ. ಮಾವ ಒಬ್ಬರೇ ಮರ ತಬ್ಬಿ, ಕೆನ್ನೆ ಒತ್ತಿ, ಆಚೆಗೆ ಬೆರಳು ಚಾಚಿ ಬಹಳ ಹೊತ್ತು ನಿಲ್ಲುತ್ತಾರೆ. ಆಮೇಲೆ ಕೊಡಲಿಯವರತ್ತ ತಿರುಗಿ, "ತಗುಲ್ತು ಕಣ್ರಪ್ಪ, ಇದಿನ್ನೂ ಎಳೇದು, ಬಿಡಿ" ಎನ್ನುತ್ತಾರೆ.