ಕರಡಿಗೆಯೊಳಗಿನ ಕೀಲಿ

ನಮ್ಮ ಕಾರಿನ ಎಂಜಿನ್ ಸುಟ್ಟಿದ್ದು ನನ್ನ ಕೈಯಲ್ಲಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸವದತ್ತಿಯ ಗುಡ್ಡ ಏರುವಾಗ ಸ್ಟೇರಿಂಗ್ ಹಿಡಿದಿದ್ದವರು ನಮ್ಮ ಮನೆಯವರು. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿದೆ, ನಿಲ್ಲಿಸಿ ಎಂದು ಪಕ್ಕದಲ್ಲಿ ಕೂತು ಬಡಕೊಂಡೆ. "ಸುಮ್ನ ಕುಂದರು. ಗುಡ್ಡ ಅಂದ್ರ ಗಾಡಿ ಬಿಸಿ ಆಗಾಕಬೇಕು" ಅಂದರು. ಆಗಿಯೇ ಆಯಿತು. ಬಾನೆಟ್ಟಿನಿಂದ ಹೊಗೆ ಎದ್ದಿತು, ಒಳಗೇನೋ ಕಟಕ್ ಎಂದಿತು, ಗಾಡಿ ಅಲ್ಲೇ ಕೂತುಬಿಟ್ಟಿತು. ಅದೇ ನನ್ನ ಕೈಯಲ್ಲಿ ಸುಟ್ಟಿದ್ದರೆ ಬೈಲಹೊಂಗಲದ ತುಂಬ ಡಂಗುರ ಸಾರುತ್ತಿದ್ದರು. ಅವರ ಕೈಯಲ್ಲಿ ಸುಟ್ಟದ್ದಕ್ಕೆ "ಗಾಡಿಗಿ ವಯಸ್ಸಾಗಿತ್ತು" ಎಂದಾಯಿತು.

ಆ ಕಾರು ಅಂದರೆ ನಾನು ಮತ್ತು ನಮ್ಮ ಅತ್ತೆ. ನಲವತ್ತು ದಾಟಿದ ಮೇಲೆ ಹಟ ಹಿಡಿದು ನಾನು ಡ್ರೈವಿಂಗ್ ಕಲಿತೆ. ಅಲ್ಲಿಯವರೆಗೆ ನಾವಿಬ್ಬರೂ ಎಲ್ಲಿಗಾದರೂ ಹೋಗಬೇಕೆಂದರೆ ಗಂಡಸರ ಪುರುಸೊತ್ತು ಕಾಯಬೇಕಿತ್ತು. ಕಲಿತ ಮೇಲೆ ಬುತ್ತಿ ಕಟ್ಟುವುದಷ್ಟೇ ತಡ. ದೇಗಾಂವದ ಹಳೇ ಗುಡಿಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದು ಬಂದಿದ್ದೇವೆ. ಮನೋಳಿಯಲ್ಲಿ ಅತ್ತೆಯ ಬಾಲ್ಯದ ಗೆಳತಿಯನ್ನು ಹುಡುಕಿ, ಅವರಿಬ್ಬರೂ ನಗುವುದನ್ನು ಮಧ್ಯಾಹ್ನವಿಡೀ ನೋಡಿದ್ದೇನೆ. ಅತ್ತೆ-ಸೊಸೆ ಇಷ್ಟು ಹೊಂದಿಕೊಂಡಿರುವುದು ಓಣಿಯ ಕೆಲವರಿಗೆ ಹೊಟ್ಟೆನೋವು. ಇರಲಿ, ಔಷಧ ತಗೊಳ್ಳಲಿ.

ಒಮ್ಮೆ ನವಿಲುತೀರ್ಥಕ್ಕೆ ಹೋದಾಗ, ನಾವು ನೀರು ನೋಡುತ್ತ ಕೂತ ಹೊತ್ತಿನಲ್ಲಿ ಯಾವನೋ ಕಾರಿನ ಗಾಜು ಒಡೆದು, ಕೀಲಿ ಹಾಕುವ ತೂತಿಗೆ ಸ್ಕ್ರೂಡ್ರೈವರ್ ತುರುಕಿ ತಿರುವಿದ್ದ. ಗಾಡಿ ಜಪ್ಪಯ್ಯ ಅಂದರೂ ಚಾಲೂ ಆಗಿರಲಿಲ್ಲ. ಸ್ಕ್ರೂಡ್ರೈವರನ್ನೂ ಬಿಟ್ಟು ಓಡಿಹೋಗಿದ್ದ. ಅತ್ತೆ ಅದನ್ನು ಮನೆಗೆ ತಂದು ಇವತ್ತಿಗೂ ತೆಂಗಿನಕಾಯಿ ಸುಲಿಯಲು ಬಳಸುತ್ತಾರೆ.

ಕಾರನ್ನು ಉಳಿಸಿದ್ದು ಕಂಪನಿಯವರೇ ಕೂರಿಸಿದ ಒಳಬೀಗ. ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್ ಇರುತ್ತದೆ. ಕೀಲಿ ಹಾಕಿದಾಗ ಕಾರು ಗಾಳಿಯಲ್ಲೇ ಅದನ್ನು ಮಾತಾಡಿಸಿ, ಎಂಜಿನ್ನಿನ ಕಂಪ್ಯೂಟರ್ ಡಬ್ಬಿಯನ್ನು ಕೇಳುತ್ತದೆ: ಇದು ನಮ್ಮದೇ? ಡಬ್ಬಿ ಗುರುತು ಹಿಡಿದು ಹೂಂ ಅಂದರೆ ಮಾತ್ರ ಎಂಜಿನ್ ಏಳುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಪಿಳಿಪಿಳಿ ಅನ್ನುತ್ತದೆ, ಅಷ್ಟೇ. ನಾನು ಇದನ್ನೆಲ್ಲ ವಿವರಿಸಿದಾಗ ಅತ್ತೆ, "ನಿಮ್ಮ ಮಾವನ ಎತ್ತೂ ಹಿಂಗ ಇದ್ದೂ. ಮಂದಿ ಕೈ ಹಚ್ಚಿದ್ರ ಒದೀತಿದ್ದೂ" ಅಂದರು. ಅವತ್ತಿನಿಂದ ಆ ಬೀಗಕ್ಕೆ ಅವರಿಟ್ಟ ಹೆಸರು ಕಾವಲಗಾರ.

ಈಗ ಎಂಜಿನ್ ಸುಟ್ಟಿತಲ್ಲ, ನಮ್ಮ ಮನೆಯವರು ಕಾರು ಮಾರೋಣ ಅಂದರು. ರಾಮದುರ್ಗದ ಬೀಗರೊಬ್ಬರು ಮೊದಲಿನಿಂದಲೂ ಅದರ ಮೇಲೆ ಕಣ್ಣಿಟ್ಟಿದ್ದರು. ನಾನು ಬಿಡಲಿಲ್ಲ. ಬೇರೆ ಎಂಜಿನ್ ಹಾಕಿಸೋಣ ಎಂದು ಕೂತೆ, ಅತ್ತೆ ನನ್ನ ಪಕ್ಕಕ್ಕೆ ಬಂದು ಕೂತರು. ಕೊನೆಗೆ ನಮ್ಮ ಮನೆಯವರು ಒಂದು ಶರತ್ತು ಹಾಕಿದರು.

"ಹಾಕಸ್ರಿ. ಆದ್ರ ಒಳಬೀಗ ಮದಲಿನಂಗ ಇರಬೇಕು. ನಮ್ಮ ಗಾಡಿ ನಿಲ್ಲೂದು ಬೀದ್ಯಾಗ. ಬೀಗ ಇಲ್ಲದ ಗಾಡಿ ನಾ ಇಟ್ಕೊಳ್ಳಾಂವಲ್ಲ. ಬೀಗ ಹೋತಂದ್ರ ಗಾಡೀನೂ ಹೋತು."

ನಾನು ಒಪ್ಪಿಕೊಂಡೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎಂಜಿನ್ ಬದಲಿಸಿ ನೋಡು ಅಂತಲೂ ಸೇರಿಸಬೇಕಿತ್ತು.

ಗ್ಯಾರೇಜಿನ ಮಿಸ್ತ್ರಿ ಕಿತ್ತೂರಿನ ಕಡೆಯಿಂದ ಒಂದು ಎಂಜಿನ್ ತಂದ. ನಮ್ಮದೇ ಮಾಡೆಲ್ಲಿನ ಕಾರು, ಹಿಂದಿನಿಂದ ಲಾರಿ ಗುದ್ದಿತ್ತಂತೆ. ಮುಂದಿನ ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಎಂಜಿನ್ನಿನ ಜೊತೆ ಬಂದ ಕಂಪ್ಯೂಟರ್ ಡಬ್ಬಿಯನ್ನೂ ಅವನು ನಮ್ಮ ಕಾರಿಗೆ ಜೋಡಿಸಿ, ಕೀಲಿ ತಿರುವಿದ. ಕೆಂಪು ದೀಪ ಪಿಳಿಪಿಳಿ ಅಂದಿತು. ಎಂಜಿನ್ ಉಸಿರೆತ್ತಲಿಲ್ಲ.

"ಅಕ್ಕಾರ, ಒಳಬೀಗ ತಗದಬಿಡೂಣ್ರಿ" ಅಂದ. "ಲ್ಯಾಪ್‌ಟಾಪ್ ಹಿಡಕೊಂಡಾಂವ ಒಬ್ಬಾಂವ ನಮ್ಮ ಊರಾಗ ಅದಾನ. ಬಂದು ಅಳಿಸಿದಾ ಅಂದ್ರ ಯಾವ ಕೀಲಿ ಹಾಕಿದ್ರೂ ಚಾಲೂ."

"ಅಂದ್ರ ಕಳ್ಳಗ ನಾವ ಕೀಲಿ ಮಾಡಿಸಿಕೊಟ್ಟಂಗ ಆತಲ್ಲೋ! ನಮ್ಮ ಹಳೀ ಡಬ್ಬಿ ಎಲ್ಲೈತಿ? ಅದನ್ನ ಹಾಕು."

"ಹಳೀ ಡಬ್ಬಿ ಹೊಸಾ ಎಂಜಿನ್ನಿಗಿ ಒಗ್ಗೂದಿಲ್ರಿ."

"ಯಾಕ ಒಗ್ಗೂದಿಲ್ಲ? ಎರಡೂ ಒಂದ ಮಾಡೆಲ್, ಒಂದ ವರ್ಷದ್ದು. ನಮ್ಮ ಕೀಲಿ ಗುರುತ ಇರೂದು ನಮ್ಮ ಡಬ್ಬಿಗಿ, ಎಂಜಿನ್ನಿಗಲ್ಲ. ಸೊಸಿ ಬ್ಯಾರೆ ಊರಿಂದ ಬಂದ್ಲಂತ ಮನಿ ಬೀಗ ಬದಲಸ್ತಾರೇನು?"

ಅವನು ಬಾಯಿ ತುಂಬ ನಕ್ಕ. ನಗುತ್ತಲೇ ನಮ್ಮ ಹಳೇ ಡಬ್ಬಿಯನ್ನು ತಂದು ಜೋಡಿಸಿದ. ನಾನೇ ಕೂತು ಕೀಲಿ ತಿರುವಿದೆ. ಕೆಂಪು ದೀಪ ಒಮ್ಮೆ ಹತ್ತಿ ಆರಿತು, ಎಂಜಿನ್ ಗುರ್ ಎಂದು ಎದ್ದಿತು. ಅಯ್ಯೋ, ಆ ಸಂತೋಷವನ್ನು ಏನೆಂದು ಹೇಳಲಿ! ಗ್ಯಾರೇಜಿನಲ್ಲೇ ಹಾರ್ನ್ ಬಾರಿಸಿ, ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಮಾಡಿದೆ. ಮನೆಗೆ ತಂದು ನಿಲ್ಲಿಸಿ, ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟೆ. ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರಿಂದ ನಮಗೆ ಸಿಕ್ಕಿದ್ದು ಅದೊಂದೇ ಕೀಲಿ, ಅದು ಇರುತ್ತಿದ್ದದ್ದು ಅತ್ತೆಯ ಎಲೆಅಡಿಕೆಯ ಚೀಲದಲ್ಲಿ.

ಆ ವಾರವೇ ರಾಮದುರ್ಗದಲ್ಲಿ ನಾದಿನಿಯ ಕುಬುಸ. ಚೊಚ್ಚಲ ಬಸುರಿ, ಎಷ್ಟೋ ವರ್ಷ ಹಾದಿ ನೋಡಿದ ಮೇಲೆ ಬಂದ ಬಸಿರು. ತವರಿನಿಂದ ಹಸಿರು ಸೀರೆ, ಹಸಿರು ಬಳೆ, ಬುತ್ತಿ ಎಲ್ಲ ನಮ್ಮದೇ. ಆ ದಿನ ಬೆಳಿಗ್ಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿಗಳ ಡಬ್ಬಿಗಳನ್ನು ಡಿಕ್ಕಿಗೆ ತುಂಬಿ ಕೀಲಿ ಕೇಳಿದೆ. ಅತ್ತೆ ಚೀಲಕ್ಕೆ ಕೈ ಹಾಕಿ, ಮದುಮಗಳ ಹಾಗೆ ನಾಚುತ್ತ ಹೊರಗೆ ತೆಗೆದರು.

ಕೀಲಿಯ ತಲೆಗೆ ಬೆಳ್ಳಿಯ ಕರಡಿಗೆ! ನಾವು ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತೇವಲ್ಲ, ಅಂಥದೇ ಪುಟ್ಟ ಕರಡಿಗೆ. ಪ್ಲಾಸ್ಟಿಕ್ ತಲೆ ಪೂರ್ತಿ ಒಳಗೆ, ಕೆಳಗಿನ ಸೀಳಿನಿಂದ ಕೀಲಿಯ ಹಲ್ಲು ಮಾತ್ರ ಹೊರಗೆ. ಪತ್ತಾರನ ಕಡೆ ಗುಟ್ಟಾಗಿ ಮಾಡಿಸಿದ್ದರು. ಬೆಳ್ಳಿ ನಮ್ಮ ಮಾವನವರ ಉಡುದಾರದ್ದು. ಅವರು ತೀರಿಕೊಂಡಾಗಿನಿಂದ ಅತ್ತೆ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಗಾಡಿಗಿ ಹೊಸಾ ಜೀವ ಬಂತಲ್ಲ ಯವ್ವಾ" ಅಂದರು. "ಜೀವ ಬಂದ ಮ್ಯಾಲ ಕರಡಗಿ ಬ್ಯಾಡೇನು?"

ನಾನು ಅದನ್ನು ಕಣ್ಣಿಗೊತ್ತಿಕೊಂಡೆ. ನಮ್ಮ ಮನೆಯವರು ಮಾತ್ರ, "ಏನವ್ವಾ, ಇನ್ನ ಇದಕ್ಕ ದೀಕ್ಷಾನೂ ಕೊಡಸ್ತೀಯೇನು?" ಎಂದು ನಕ್ಕರು. ನಾನು ಸ್ಟೇರಿಂಗ್ ಹಿಂದೆ ಕೂತು ಕೀಲಿ ತಿರುವಿದೆ.

ಪಿಳಿಪಿಳಿ.

ಇನ್ನೊಮ್ಮೆ ತಿರುವಿದೆ. ಮತ್ತೂ ಪಿಳಿಪಿಳಿ. ಇಳಿದು, ಬೈದು, ಹತ್ತಿ ತಿರುವಿದರೂ ಅಷ್ಟೇ. ಮಿಸ್ತ್ರಿಗೆ ಫೋನ್ ಮಾಡಿದೆವು. ಅವನು ಬಂದು ಬಾನೆಟ್ ಎತ್ತಿ, ಡಬ್ಬಿ ಬಿಚ್ಚಿ, ವೈರುಗಳನ್ನು ಒರೆಸಿ ಮತ್ತೆ ಜೋಡಿಸಿದ. ಕರಡಿಗೆಯನ್ನು ನೋಡಿ "ಭಾರೀ ಆಗೇತ್ರಿ" ಎಂದು ಮೆಚ್ಚಿದ. ಕೀಲಿ ತಿರುವಿದರೆ ಅದೇ ಹಾಡು. "ನಾ ಅವತ್ತ ಹೇಳಿದ್ನಿಲ್ರಿ ಅಕ್ಕಾರ, ಹಳೀ ಡಬ್ಬಿ ಒಗ್ಗೂದಿಲ್ಲಂತ" ಅಂದ. ಇದ್ದೀತು ಎಂದು ಒಪ್ಪಿಕೊಂಡೆ. ಅದು ನನ್ನ ಜೀವನದಲ್ಲಿ ಅಪರೂಪದ ಸಂಗತಿ.

ಬಿಸಿಲು ಏರುತ್ತಿತ್ತು. ರಾಮದುರ್ಗದಲ್ಲಿ ಆರತಿಗೆ ಕಾಯುತ್ತಿದ್ದರು. ನಮ್ಮ ಮನೆಯವರು ಬೀಗ ಅಳಿಸಲು ಲ್ಯಾಪ್‌ಟಾಪಿನವನನ್ನು ಬರಹೇಳಿದರು. ಆಮೇಲೆ ನನ್ನೆದುರೇ ರಾಮದುರ್ಗಕ್ಕೂ ಫೋನ್ ಮಾಡಿದರು. "ಬೀಗರ, ಇವತ್ತ ಗಾಡಿ ತರತೇವಿ. ನೋಡಿ ಇಟ್ಕೊಂಡಬಿಡ್ರಿ. ನಾವು ತಿರಗಿ ಬಸ್ಸಿಗಿ ಹೋಗತೇವಿ."

ಶರತ್ತು ಶರತ್ತೇ. ನಾನೇ ಒಪ್ಪಿದ್ದೆ. ಸಿಟ್ಟು ಮಾಡಲೂ ಜಾಗವಿರಲಿಲ್ಲ. ದೇಗಾಂವದ ಕಟ್ಟೆ, ಮನೋಳಿಯ ಗೆಳತಿ ಎಲ್ಲ ಕಣ್ಣ ಮುಂದೆ ಬಂದವು. ಇನ್ನು ಮೇಲೆ ಮತ್ತೆ ಗಂಡಸರ ಪುರುಸೊತ್ತು ಕಾಯುತ್ತ ಕೂರಬೇಕಲ್ಲ!

ಅತ್ತೆ ಒಳಗೆ ಹೋಗಿ ವಿಭೂತಿ, ಒಂದು ಹೂವು ತಂದರು. "ಹೋಗೂದು ಖರೇನ ಆದ್ರ, ಪೂಜಿ ಮಾಡಿ ಕಳಸ್ತೇನಿ. ಕೊಡ ಯವ್ವಾ ಕೀಲಿ" ಅಂದರು.

ಕೊಟ್ಟೆ. ಅವರು ಕರಡಿಗೆಯ ಮುಚ್ಚಳ ತೆರೆದು ಕೀಲಿಯನ್ನು ಹೊರತೆಗೆದು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡರು. ಇಷ್ಟಲಿಂಗದ ಪೂಜೆ ಅಂದರೆ ಹಾಗೆಯೇ, ಕರಡಿಗೆಯಲ್ಲಿಟ್ಟು ಯಾರೂ ಮಾಡುವುದಿಲ್ಲ. ಮೂರು ಬೆರಳಿನ ವಿಭೂತಿ ಬಳಿದು, ಹೂವು ಏರಿಸಿ, ಕಣ್ಣು ಮುಚ್ಚಿ ನಿಂತರು. ಆಮೇಲೆ ಕೀಲಿಯನ್ನಷ್ಟೇ ನನ್ನ ಕೈಗಿಟ್ಟರು. "ಒಂದ ಸಲ ತಿರುವಿ ಶರಣು ಮಾಡು. ನಮ್ಮನ್ನ ಭಾಳ ತಿರಿಗ್ಯಾಡಿಸೇತಿ."

ಕಣ್ಣೊರೆಸಿಕೊಂಡು ಕೂತು ತಿರುವಿದೆ. ಗುರ್ರ್!

ಬಾನೆಟ್ಟಿಗೆ ಬಗ್ಗಿದ್ದ ಮಿಸ್ತ್ರಿ ಹೆದರಿ ಹಿಂದಕ್ಕೆ ಜಿಗಿದ. ನಮ್ಮ ಮನೆಯವರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ನೋಡಿದ್ರಿ? ವಿಭೂತಿ!" ಅಂದರು ಅತ್ತೆ.

ನಾನು ಅವರ ಎಡಗೈಯಲ್ಲಿದ್ದ ಖಾಲಿ ಕರಡಿಗೆಯನ್ನು ನೋಡಿದೆ. ತಲೆಯಲ್ಲಿ ದೀಪ ಹತ್ತಿತು. ಅದನ್ನು ಇಸಿದುಕೊಂಡು ಕೀಲಿಗೆ ತೊಡಿಸಿ ತಿರುವಿದೆ. ಪಿಳಿಪಿಳಿ. ಬಿಚ್ಚಿ ತಿರುವಿದೆ. ಗುರ್ರ್. ಮಿಸ್ತ್ರಿ ಹಣೆ ಹಣೆ ಬಡಿದುಕೊಂಡ. ಎಂಜಿನ್ನಿನದೂ ತಪ್ಪಿಲ್ಲ, ಡಬ್ಬಿಯದೂ ತಪ್ಪಿಲ್ಲ. ಬೆಳ್ಳಿಯ ಗೋಡೆಯೊಳಗಿದ್ದ ಚಿಪ್ಪಿನ ಮಾತು ಕಾರಿಗೆ ಕೇಳಿಸಿರಲಿಲ್ಲ, ಅಷ್ಟೇ.

ಇದನ್ನು ಅತ್ತೆಗೆ ಹೇಳುವುದು ಹೇಗೆ? ಮಾವನವರ ಬೆಳ್ಳಿ. ಮೆಲ್ಲಗೆ, "ಅತ್ತಿ, ಬೆಳ್ಳಿ ಅಡ್ಡ ಬಂದ್ರ ಕಾವಲಗಾರಗ ಗುರುತ ಹತ್ತೂದಿಲ್ರಿ" ಅಂದೆ. ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು, ನಿಲ್ಲಿಸಲೇ ಇಲ್ಲ.

"ಅಂದ್ರ ಕಾವಲಗಾರ ಗಟ್ಟ್ಯಾಂವ ಅದಾನ ಬಿಡು! ಬೆಳ್ಳಿ ತೊಟ್ಟು ಬಂದ್ರೂ ಗುರುತ ಇಲ್ಲದ ಒಳಗ ಬಿಡಲಿಲ್ಲ."

ಲ್ಯಾಪ್‌ಟಾಪಿನವನು ಬಂದಾಗ ಅವನ ಕೈಗೆ ಒಂದು ಹೋಳಿಗೆ ಕೊಟ್ಟು ಕಳಿಸಿದೆವು. ಯರಗಟ್ಟಿ ದಾಟಿ ರಾಮದುರ್ಗ ಮುಟ್ಟುವವರೆಗೂ ಸ್ಟೇರಿಂಗ್ ನನ್ನದು. ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರು ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬಿಸಿಯ ಮುಳ್ಳನ್ನು ಬೇಕೆಂದೇ ಆಗಾಗ ಜೋರಾಗಿ ಓದಿ ಹೇಳುತ್ತಿದ್ದೆ.

ಕುಬುಸ ಚೆಂದಾಗಿ ಆಯಿತು. ಹಸಿರು ಸೀರೆ ಉಟ್ಟು ಕೂತ ನಾದಿನಿಗೆ ಉಡಿ ತುಂಬುವಾಗ ಅತ್ತೆ ಅಕ್ಕಿ, ಉತ್ತತ್ತಿ, ಕೊಬ್ಬರಿಯ ಜೊತೆ ಆ ಖಾಲಿ ಕರಡಿಗೆಯನ್ನೂ ಇಟ್ಟರು. "ನಿಮ್ಮಪ್ಪನ ಬೆಳ್ಳಿ. ಪತ್ತಾರಗ ಹೇಳಿ ಸೀಳ ಮುಚ್ಚಸ್ತೇನಿ. ಕೂಸಿಗಿ ಲಿಂಗ ಕಟ್ಟೂ ಮುಂದ ಆಗತೈತಿ." ನಮ್ಮ ಮನೆಯವರು ಸುಮ್ಮನಿರುತ್ತಾರೆಯೇ? "ಕೂಸ ಹುಟ್ಟೂಕಿಂತ ಮದಲ ಕುಲಾಯಿ ಹೊಲಿಸಿದ್ರಂತ" ಅಂದರು. ನಾದಿನಿ ಆ ಕರಡಿಗೆಯನ್ನು ಎದೆಗೆ ಒತ್ತಿಕೊಂಡಳು. ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಊಟ ಮುಗಿಯುವ ಹೊತ್ತಿಗೆ ಕಾರು ಕೊಳ್ಳುವ ಬೀಗರು ಬಂದರು. ಗಾಲಿಗೆ ಒದ್ದು ನೋಡಿದರು, ಬಾಗಿಲು ಬಡಿದು ನೋಡಿದರು. ಕೊನೆಗೆ ಅತ್ತೆಯ ಮುಂದೆ ಕೈ ಚಾಚಿದರು. "ಕೀಲಿ ಕೊಡ್ರಿ ಅವ್ವಾರ, ಒಂದ ರೌಂಡ ಹೊಡದ ಬರತೇನಿ."

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ತಮ್ಮ ಅವ್ವನ ಮುಖ ನೋಡುತ್ತಿದ್ದರು. ಗಾಡಿ ಇಳಿಯುತ್ತಲೇ ಅತ್ತೆ ಆ ಕೀಲಿಯನ್ನು ಲಿಂಗ ಕಟ್ಟುವ ಬಿಳಿಯ ಶಿವದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರು. ದಾರ ಕಾವಲಗಾರನಿಗೆ ಅಡ್ಡ ಬರುವುದಿಲ್ಲ ಎಂದು ನನ್ನಿಂದ ಖಾತ್ರಿ ಮಾಡಿಕೊಂಡೇ ಹಾಕಿಕೊಂಡಿದ್ದು. ಅವರು ಸೆರಗು ಸರಿಸಿ ಅದನ್ನು ತೋರಿಸಿದರು.

"ಕೊರಳಿಗಿ ಕಟ್ಟಿಕೊಂಡದ್ದು ಬೀಗರ" ಅಂದರು. "ಇದನ್ನ ಬಿಚ್ಚಿ ಮಂದಿ ಕೈಯಾಗ ಕೊಡೂ ಪದ್ಧತಿ ನಮ್ಮಲ್ಲಿಲ್ಲ."

ಬೀಗರು ನಮ್ಮ ಮನೆಯವರ ಕಡೆ ತಿರುಗಿದರು. ಅವರು ಬೀಗರಿಗೆ ಎಲೆಅಡಿಕೆಯ ತಟ್ಟೆ ಮುಂದೆ ಮಾಡಿದರು.

"ಬೀಗ ಗಟ್ಟಿ ಐತ್ರೀ" ಅಂದರು. "ಗಾಡಿ ಕೊಡೂದಿಲ್ಲ."